ದೇವರು ಬೇಡ, ಸ್ವರ್ಗ ಬೇಕು

ಇಂಟರ್ನಲ್ಸ್ ಮುಗಿದ ಶನಿವಾರ ನಾವು ಐದಾರು ಜನ ಲೈಬ್ರರಿ ಹಿಂದಿನ ಕಟ್ಟೆ ಮೇಲೆ ಕೂತು ಬಲ್ಗೇರಿಯಾದ ಕವಿ ಗೆಯೊ ಮಿಲೆವ್‌ನ 'ಸೆಪ್ಟೆಂಬರ್' ಓದಿದೆವು. ಇಂಗ್ಲಿಷಿನಲ್ಲಿ ಓದೋದು, ಅರ್ಥ ಆದಷ್ಟನ್ನು ಕನ್ನಡದಲ್ಲಿ ಹೇಳಿಕೊಳ್ಳೋದು. 1923ರ ಸೆಪ್ಟೆಂಬರಿನಲ್ಲಿ ಅಲ್ಲಿನ ರೈತರು, ಕೂಲಿಗಳು ಸರ್ಕಾರದ ವಿರುದ್ಧ ದಂಗೆ ಎದ್ದಿದ್ದರು. ಸೇನೆ ಅವರನ್ನು ಕೊಚ್ಚಿ ಹಾಕಿತು. ಮರುವರ್ಷ ಈ ನೀಳ್ಗವನ ಅಚ್ಚಾದ ಪತ್ರಿಕೆಯನ್ನು ಮುಟ್ಟುಗೋಲು ಹಾಕಿದರು. 1925ರಲ್ಲಿ ವಿಚಾರಣೆಗೆಂದು ಕರೆದೊಯ್ದ ಮಿಲೆವ್ ವಾಪಸ್ ಬರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಸೋಫಿಯಾ ಹತ್ತಿರದ ಗುಂಡಿಯೊಂದರಲ್ಲಿ ಸಿಕ್ಕ ತಲೆಬುರುಡೆಯಲ್ಲಿ ಗಾಜಿನ ಕಣ್ಣಿತ್ತು. ಮೊದಲ ಮಹಾಯುದ್ಧದಲ್ಲಿ ಅವನು ಒಂದು ಕಣ್ಣು ಕಳೆದುಕೊಂಡಿದ್ದ. ಗುರುತು ಸಿಕ್ಕಿದ್ದು ಹಾಗೆ.

ಕವನದಲ್ಲಿ ಆಂದ್ರೇ ಅನ್ನೋ ಪಾದ್ರಿ ಬರುತ್ತಾನೆ, ನಿಜಕ್ಕೂ ಇದ್ದವನೇ. ದಂಗೆಕೋರರ ಪರ ಫಿರಂಗಿ ಹಿಡಿದವನು ಕೊನೆಯ ಗುಂಡನ್ನು ಚರ್ಚಿಗೇ ಹೊಡೀತಾನೆ, ತಾನು ಪ್ರಾರ್ಥನೆ ಹಾಡುತ್ತಿದ್ದ ಚರ್ಚಿಗೆ. ಆಮೇಲೆ ಅವನನ್ನು ಟೆಲಿಗ್ರಾಫ್ ಕಂಬಕ್ಕೆ ನೇಣು ಹಾಕ್ತಾರೆ.

ಇಲ್ಲಿಗೆ ನಮ್ಮ ಸಿವಿಲ್ ಗೆಳೆಯ ಓದೋದು ನಿಲ್ಲಿಸಿದ. ಅವನ ಅಪ್ಪ ಊರ ದೇವಸ್ಥಾನದ ಅರ್ಚಕರು. ಎರಡನೇ ಸೆಮಿಸ್ಟರಿನಲ್ಲಿ ತಂಗಿ ತೀರಿಕೊಂಡ ಮೇಲೆ ಇವನು ಸಂಧ್ಯಾವಂದನೆ ಬಿಟ್ಟಿದ್ದಾನೆ. ಮನೇಲಿ ಗೊತ್ತಿಲ್ಲ.

"ಅಪ್ಪಂಗೂ ಒಳಗೊಳಗೆ ಹಿಂಗೇ ಅನ್ಸಿರಬಹುದೇನ್ರೋ?" ಅಂದ.

ನಾವು ಮುಂದಿನ ಪುಟ ತಿರುಗಿಸಿದೆವು.

ಕೊನೇಲಿ ಮಿಲೆವ್ ದೇವರನ್ನೇ ಗದ್ದುಗೆಯಿಂದ ಇಳಿಸಲು ಹೊರಡುತ್ತಾನೆ. ನಮ್ಮ ದಾಸರ ನಿಂದಾಸ್ತುತಿ ಥರಾನೇ ಅಲ್ವಾ ಅಂತ ಒಬ್ಬಳು ಕೇಳಿದಳು. ಅಲ್ಲ. ದಾಸರು ಬೈದಷ್ಟೂ ಬೈದು ಕೊನೆಗೆ ಕಾಲು ಹಿಡೀತಾರೆ, ಇವನು ಹಿಡಿಯೋನಲ್ಲ. ಆದರೆ ಅದೇ ಉಸಿರಿನಲ್ಲಿ ಈ ಭೂಮಿಯೇ ಸ್ವರ್ಗ ಆಗುತ್ತೆ ಅಂತ ಮಾತು ಕೊಡ್ತಾನೆ. ತೋಟದ ಯಜಮಾನನನ್ನು ಓಡಿಸಿದವನು ಏದೆನ್ ತೋಟವನ್ನು ಮಾತ್ರ ಬಿಟ್ಟುಕೊಡಲಿಲ್ಲ! ಅವನಿಗಿಂತ ಅರ್ಧ ಶತಮಾನ ಹಿಂದಿನ ಹ್ರಿಸ್ತೊ ಬೋತೆವ್‌ನದೂ ಇಂಥದೇ ಕಥೆ. ಗಂಡು ಹೆಣ್ಣನ್ನು ಕೆಸರಿನಿಂದ ಮಾಡಿ, ಮನುಷ್ಯನನ್ನು ಗುಲಾಮನಾಗಿ ಬಿಟ್ಟ ದೇವರು ನನಗೆ ಬೇಡ ಅಂತಾನೆ. (ಬೈಬಲಿನಲ್ಲಿ ಹವ್ವೆ ಬಂದದ್ದು ಆದಾಮನ ಪಕ್ಕೆಲುಬಿನಿಂದ, ಬೋತೆವ್ ಇಬ್ಬರನ್ನೂ ಕೆಸರಿಗೇ ಇಳಿಸಿದ.) ಹಾಗಂತ ಆ ಕವನದ ಹೆಸರೇನು? 'ನನ್ನ ಪ್ರಾರ್ಥನೆ'. ದೇವರನ್ನು ಬಿಟ್ಟರೂ ಬೇಡೋದು ಬಿಟ್ಟಿಲ್ಲ ಆಸಾಮಿ. ಆ ಬೇಡಿಕೆ ತನ್ನೆದೆಯೊಳಗೇ ಇರುವ ಇನ್ನೊಬ್ಬ ದೇವರಿಗೆ.

ನಮಗಿದು ತಮಾಷೆ ಅನ್ನಿಸಿತು. ಅವನು ನಗಲಿಲ್ಲ.

"ರಜಕ್ಕೆ ಊರಿಗೆ ಹೋಗ್ತೀನಲ್ಲ, ಅಪ್ಪ ಮಂಗಳಾರತಿ ತಟ್ಟೆ ಹಿಡ್ಕೊಂಡು ಎದುರಿಗೇ ಬರ್ತಾರೆ. ಕೈ ಚಾಚ್ಲೋ ಬೇಡ್ವೋ?"

ಮೆಸ್ ಮುಚ್ಚೋ ಹೊತ್ತಾಗಿತ್ತು. ನಾವ್ಯಾರೂ ಏಳಲಿಲ್ಲ.