ರೈಲಿನ ಕೊಂಡಿ

ರೈಲು ನಿಲ್ದಾಣಕ್ಕೆ ಬಂದಾಗ ಜನರ ಕಣ್ಣು ಮೊದಲು ಎಂಜಿನ್ನಿನ ಮೇಲೆ ಬೀಳುತ್ತದೆ. ಬಳಿಕ ಬಾಗಿಲು, ಕಿಟಕಿಗಳತ್ತ ಹರಿಯುತ್ತದೆ. ಎರಡು ಬೋಗಿಗಳ ನಡುವಣ ಕತ್ತಲೆಯನ್ನು ಇಣುಕಿ ನೋಡುವವರು ವಿರಳ. ಎಣ್ಣೆ, ಧೂಳುಗಳಿಂದ ಕಪ್ಪಾದ ಉಕ್ಕಿನ ಕೊಂಡಿಯೊಂದು ಅಲ್ಲಿದೆ. ಎಂಜಿನ್ನಿನ ಸೆಳೆತವು ಹಿಂದಿನ ಬೋಗಿಗಳನ್ನು ಮುಟ್ಟುವುದು ಅದರ ಮೂಲಕವೇ. ಅದು ಕಳಚಿದರೆ ರೈಲು ಎರಡಾಗುತ್ತದೆ. ಅದು ಸೆಟೆದು ನಿಂತರೆ ರೈಲು ಹಳಿ ತಪ್ಪುವ ಭಯವುಂಟು.

ಚಿತ್ರದುರ್ಗ ಜಿಲ್ಲೆಯಲ್ಲಿ ಈ ಕೊಂಡಿಯ ಕೆಲಸವನ್ನು ನೋಡಲು ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ತಕ್ಕ ಸ್ಥಳ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ಹಳಿ ಹೊಸದುರ್ಗ ರೋಡ್ ನಿಲ್ದಾಣವನ್ನು ದಾಟಿ ಇಲ್ಲಿಗೆ ಬರುತ್ತದೆ. ಇಲ್ಲಿಂದ ಕವಲೊಡೆದ ಇನ್ನೊಂದು ಹಳಿ ಚಿತ್ರದುರ್ಗ, ರಾಯದುರ್ಗಗಳ ಮೂಲಕ ಬಳ್ಳಾರಿಯತ್ತ ಸಾಗುತ್ತದೆ. ಅದಿರು ತುಂಬಿದ ಗೂಡ್ಸ್ ಗಾಡಿಗಳು ಈ ದಾರಿಯಲ್ಲಿ ಓಡಾಡುತ್ತವೆ. ತುಂಬಿದ ಒಂದು ವ್ಯಾಗನ್ ಸುಮಾರು 80 ಟನ್ ತೂಗುತ್ತದೆ. ಅಂತಹ 50 ವ್ಯಾಗನ್ನುಗಳ ತೂಕ 4000 ಟನ್. ಎಂಜಿನ್ನಿಗೆ ತಾಗಿದ ಮೊದಲ ಕೊಂಡಿಯು ಅಷ್ಟೂ ಭಾರದ ಎಳೆತವನ್ನು ತಡೆದುಕೊಳ್ಳಬೇಕು.

ಕೊಂಡಿಯ ಮೇಲೆ ಬೀಳುವ ಬಲಗಳು ಮೂರು ಬಗೆಯವು. ಎಂಜಿನ್ ಮುಂದಕ್ಕೆ ಸೆಳೆದಾಗ ಎಳೆಯುವ ಬಲ. ವೇಗ ತಗ್ಗಿದಾಗ ಹಿಂದಿನ ಗಾಡಿಗಳು ಬಂದೊತ್ತುವ ತಳ್ಳುವ ಬಲ. ಮೂರನೆಯದು ತಿರುಚುವ ಬಲ. ಒದ್ದೆ ಬಟ್ಟೆಯನ್ನು ಹಿಂಡುವಾಗ ಒಂದು ಕೈ ಬಲಕ್ಕೂ ಇನ್ನೊಂದು ಕೈ ಎಡಕ್ಕೂ ತಿರುಗುತ್ತದೆಯಲ್ಲವೇ? ಬಟ್ಟೆಯ ಮೇಲೆ ಆಗ ಬೀಳುವುದು ಇದೇ ಬಲ. ಮೊದಲೆರಡು ಬಲಗಳನ್ನು ಉಕ್ಕಿನ ಗಾತ್ರವನ್ನು ಹೆಚ್ಚಿಸಿ ಎದುರಿಸಬಹುದು. ಮೂರನೆಯದನ್ನು ಬರಿಯ ಗಾತ್ರದಿಂದ ಗೆಲ್ಲಲಾಗದು.

ಈ ಮಾತು ನಮ್ಮ ರೈತರಿಗೆ ಹೊಸದಲ್ಲ. ಎತ್ತಿನ ಗಾಡಿಯ ಮೂಕಿಗೆ ನೊಗವನ್ನು ಮಿಣಿಯಿಂದ ಬಿಗಿಯುತ್ತಾರೆಯೇ ಹೊರತು ಮೊಳೆ ಹೊಡೆದು ಕೂಡಿಸುವುದಿಲ್ಲ. ಒಂದು ಎತ್ತು ಹಳ್ಳಕ್ಕಿಳಿದು ಮತ್ತೊಂದು ದಿಬ್ಬದ ಮೇಲಿದ್ದಾಗ ನೊಗ ಓರೆಯಾಗುತ್ತದೆ. ಮಿಣಿ ಅಷ್ಟಕ್ಕೆ ಎಡೆ ಕೊಡುತ್ತದೆ. ಅಲುಗದಂತೆ ಕೂಡಿಸಿದ್ದರೆ ಮೂಕಿ ಸೀಳಬೇಕು, ಇಲ್ಲವೇ ಎತ್ತಿನ ಕತ್ತು ನೋಯಬೇಕು. ಹಿರಿಯೂರಿನ ತೋಟಗಳಿಂದ ತೆಂಗಿನಕಾಯಿ ಹೊತ್ತು ಬರುವ ಟ್ರಾಕ್ಟರಿನಲ್ಲಿಯೂ ಇದೇ ತತ್ತ್ವವಿದೆ. ಟ್ರೇಲರಿನ ಉಂಗುರವು ಟ್ರಾಕ್ಟರಿನ ಗೂಟಕ್ಕಿಂತ ತುಸು ಅಗಲವಾಗಿರುತ್ತದೆ. ಟ್ರೇಲರಿನ ಒಂದು ಚಕ್ರ ರಸ್ತೆಯಂಚಿನಿಂದ ಜಾರಿದಾಗ ಉಂಗುರ ಸ್ವಲ್ಪ ವಾಲುತ್ತದೆ. ಟ್ರಾಕ್ಟರು ನೆಟ್ಟಗೆ ಉಳಿಯುತ್ತದೆ. ಆ ಎಡೆಗೂ ಒಂದು ಮಿತಿಯುಂಟು. ಮಿತಿ ಮೀರಿದರೆ ಟ್ರೇಲರಿನೊಡನೆ ಟ್ರಾಕ್ಟರೂ ಮಗುಚಬಹುದು.

ನುಣುಪಾದ ಉಕ್ಕಿನ ಹಳಿಯ ಮೇಲೆ ತಿರುಚುವ ಬಲ ಎಲ್ಲಿಂದ ಬರುತ್ತದೆ? ಹಳಿ ಬಳಸಿ ತಿರುಗುವಲ್ಲಿ ಹೊರಗಣ ಕಂಬಿಯನ್ನು ಒಳಗಣ ಕಂಬಿಗಿಂತ ಎತ್ತರದಲ್ಲಿ ಇಡುತ್ತಾರೆ. ವೇಗವಾಗಿ ತಿರುಗುವ ಗಾಡಿ ಹೊರಕ್ಕೆ ಒಲೆಯದಿರಲೆಂದು ಈ ಏರ್ಪಾಡು. ಈ ಎತ್ತರವನ್ನು ಒಮ್ಮೆಲೇ ಕೊಡಲು ಬರುವುದಿಲ್ಲ. ನೇರ ಹಳಿಯಿಂದ ತಿರುವಿನವರೆಗೆ ಮೆಲ್ಲಮೆಲ್ಲನೆ ಏರಿಸುತ್ತಾರೆ. 100 ಮೀಟರ್ ದೂರದಲ್ಲಿ 100 ಮಿಲಿಮೀಟರ್ ಏರಿಸಿದ್ದಾರೆಂದು ಭಾವಿಸೋಣ. ಬೋಗಿಯ ಉದ್ದ ಸುಮಾರು 24 ಮೀಟರ್. ಆಗ ಒಂದು ಬೋಗಿಯ ನಡುವಿಗೂ ಅದರ ಹಿಂದಿನ ಬೋಗಿಯ ನಡುವಿಗೂ 24 ಮಿಲಿಮೀಟರ್ ವ್ಯತ್ಯಾಸ ಬರುತ್ತದೆ. ಮುಂದಿನ ಬೋಗಿ ಹಿಂದಿನದಕ್ಕಿಂತ ಒಂದು ಡಿಗ್ರಿಗೂ ಕಡಿಮೆ ವಾಲಿರುತ್ತದೆ, ಅಷ್ಟೆ. ಕಣ್ಣಿಗೆ ಅದು ಕಾಣಿಸದು. ಆದರೆ ಆ ಕಿಂಚಿತ್ ವಾಲಿನ ಹಿಂದೆ ಹತ್ತಾರು ಟನ್ನುಗಳ ಭಾರವಿದೆ. ಕೊಂಡಿ ಸೆಟೆದುಕೊಂಡಿದ್ದರೆ ಆ ಬಲ ಒಂದು ಬೋಗಿಯಿಂದ ಇನ್ನೊಂದಕ್ಕೆ ದಾಟಿ, ಒಂದು ಬದಿಯ ಚಕ್ರಗಳ ಮೇಲಣ ಭಾರವನ್ನು ತಗ್ಗಿಸುತ್ತದೆ. ಭಾರ ತಗ್ಗಿದ ಚಕ್ರಕ್ಕೆ ಕಂಬಿಯನ್ನು ಏರುವುದು ಸುಲಭ.

ಹಳೆಯ ಕಾಲದ ಜೋಡಣೆಗಳಲ್ಲಿ ಈ ತೊಡಕು ಅಷ್ಟಾಗಿ ಇರಲಿಲ್ಲ. ಸರಪಳಿ, ಕೊಕ್ಕೆಗಳು ತಾವಾಗಿಯೇ ಹೊರಳುತ್ತಿದ್ದವು. ಆದರೆ ಅವುಗಳ ಬೆಲೆಯನ್ನು ತೆತ್ತವರು ಕೆಲಸಗಾರರು. ಅಮೆರಿಕದಲ್ಲಿ ಕೆಲಸಗಾರನು ಎರಡು ಗಾಡಿಗಳ ನಡುವೆ ನಿಂತು, ಬರುತ್ತಿರುವ ಗಾಡಿಯ ಬಳೆಯನ್ನು ಕೈಯಿಂದ ಗುರಿಹಿಡಿದು ಗೂಟವನ್ನು ಇಳಿಸಬೇಕಾಗಿತ್ತು. ಒಂದು ಕ್ಷಣ ತಪ್ಪಿದರೆ ಬೆರಳು ಹೋಗುತ್ತಿತ್ತು. ಹಲವೊಮ್ಮೆ ಪ್ರಾಣವೂ ಹೋಗುತ್ತಿತ್ತು. 1873ರಲ್ಲಿ ಎಲಿ ಜಾನಿ ಎಂಬಾತ ಹೊಸ ಕೊಂಡಿಯೊಂದಕ್ಕೆ ಪೇಟೆಂಟ್ ಪಡೆದನು. ಬಟ್ಟೆಯಂಗಡಿಯಲ್ಲಿ ಗುಮಾಸ್ತನಾಗಿದ್ದ ಆತ ಮೊದಲ ಮಾದರಿಯನ್ನು ಮರದಲ್ಲಿ ಕೆತ್ತಿದ್ದನು. ಮಡಿಸಿದ ಬೆರಳುಗಳು ಒಂದರೊಳಗೊಂದು ಸಿಕ್ಕಿಕೊಳ್ಳುವಂತೆ, ಗಾಡಿಗಳು ತಾಗಿದೊಡನೆ ಅದು ತಾನಾಗಿ ಹಿಡಿದುಕೊಳ್ಳುತ್ತಿತ್ತು. ಆದರೂ ಹಲವು ಕಂಪೆನಿಗಳು ಖರ್ಚಿಗೆ ಹಿಂಜರಿದವು. ಅಯೋವಾ ಪ್ರಾಂತದ ಲೊರೆಂಜೊ ಕಾಫಿನ್ ಎಂಬ ಕೃಷಿಕ, ಕೆಲಸಗಾರನೊಬ್ಬನು ಬೆರಳು ಕಳೆದುಕೊಂಡದ್ದನ್ನು 1874ರಲ್ಲಿ ಕಣ್ಣಾರೆ ಕಂಡು, ವರ್ಷಗಟ್ಟಲೆ ಊರೂರು ತಿರುಗಿ ಜನಾಭಿಪ್ರಾಯವನ್ನು ಮೂಡಿಸಿದನು. ಕೊನೆಗೆ 1893ರಲ್ಲಿ ತಾನಾಗಿ ಕೂಡುವ ಕೊಂಡಿಯನ್ನು ಕಡ್ಡಾಯಗೊಳಿಸುವ ಕಾನೂನು ಬಂದಿತು.

ನಮ್ಮ ದೇಶದ ಗೂಡ್ಸ್ ಗಾಡಿಗಳಲ್ಲಿ ಇಂದು ಕಾಣುವುದು ಜಾನಿಯ ಕೊಂಡಿಯ ವಂಶದ್ದೇ. ಅದರ ಎರಡು ಮುಷ್ಟಿಗಳ ನಡುವೆ ಸ್ವಲ್ಪ ಎಡೆಯಿರುತ್ತದೆ; ಅವು ಮೇಲಕ್ಕೂ ಕೆಳಕ್ಕೂ ಜಾರಬಲ್ಲವು, ತುಸು ಓರೆಯಾಗಲೂ ಬಲ್ಲವು. ಪ್ರಯಾಣಿಕರ ಬೋಗಿಗಳ ಮಾತು ಬೇರೆ. ಅಪಘಾತದಲ್ಲಿ ಒಂದು ಬೋಗಿ ಇನ್ನೊಂದರ ಮೇಲೇರಿದರೆ ಆಗುವ ಪ್ರಾಣಹಾನಿ ಘೋರವಾದುದು. ಅದನ್ನು ತಡೆಯಲು ಹೊಸ ಬೋಗಿಗಳಲ್ಲಿ ಮುಷ್ಟಿಗಳು ಅಲುಗದಂತೆ ಬಿಗಿಯಾಗಿ ಕೂಡುವ ಕೊಂಡಿಯನ್ನು ಅಳವಡಿಸಿದ್ದಾರೆ. ಜರ್ಮನ್ ವಿನ್ಯಾಸದ ಇಂತಹ ಬೋಗಿಗಳು 2000ದ ಸುಮಾರಿಗೆ ಭಾರತಕ್ಕೆ ಬಂದವು. ಪೆರಂಬೂರಿನ ಕಾರ್ಖಾನೆಯಲ್ಲಿ ಹಳೆಯ ಮಾದರಿಯ ಬೋಗಿಗಳ ತಯಾರಿಕೆ 2018ರಲ್ಲಿ ನಿಂತಿತು.

ಮುಷ್ಟಿ ಬಿಗಿಯಾದ ಮೇಲೆ ತಿರುಚುವ ಬಲಕ್ಕೆ ದಾರಿ ಎಲ್ಲಿ? ಎಂಜಿನಿಯರುಗಳು ಅದನ್ನು ಕೊಂಡಿಯ ಬುಡದಲ್ಲಿ ಒದಗಿಸಿದರು. ಮನುಷ್ಯನು ಭಾರವಾದ ಕೊಡವನ್ನು ಹಿಡಿದಾಗ ಬೆರಳುಗಳು ಬಿಗಿಯಾಗಿರುತ್ತವೆ, ತೋಳು ಭುಜದಲ್ಲಿ ಹೊರಳುತ್ತದೆ. ಭುಜದ ಕೀಲಿನಲ್ಲಿ ಗುಂಡನೆಯ ಎಲುಬು ಬಟ್ಟಲಿನಂತಹ ಕುಳಿಯಲ್ಲಿ ಕುಳಿತಿದೆ. ಹಾಗೆಯೇ ಕೆಲವು ಕೊಂಡಿಗಳ ದಂಡದ ಬುಡದಲ್ಲಿ ಗೋಳಾಕಾರದ ಆಸರೆಯಿರುತ್ತದೆ. ಕೆಲವೆಡೆ ರಬ್ಬರಿನ ಪದರಗಳೂ ಇರುತ್ತವೆ. ಹೀಗೆ ದಂಡವು ಪಕ್ಕಕ್ಕೂ ಮೇಲಕ್ಕೂ ತಿರುಗುವುದಲ್ಲದೆ ತನ್ನ ಅಚ್ಚಿನ ಮೇಲೆ ತುಸು ಹೊರಳುತ್ತದೆ.

ತಿರುಚುವಿಕೆಗೆ ಸಂಪೂರ್ಣ ಬಿಡುಗಡೆ ಕೊಟ್ಟಿರುವ ಕೊಂಡಿಯೂ ಒಂದುಂಟು. ಅದಿರು, ಕಲ್ಲಿದ್ದಲುಗಳನ್ನು ಸುರಿಯಲು ಇಡೀ ವ್ಯಾಗನ್ನನ್ನೇ ಮಗುಚುವ ಯಂತ್ರಗಳಿವೆ. ಹಲವೆಡೆ ವ್ಯಾಗನ್ನುಗಳನ್ನು ಒಂದೊಂದಾಗಿ ಕಳಚಿ ಮಗುಚುತ್ತಾರೆ. ತಿರುಗುವ ಕೊಂಡಿಯಿದ್ದರೆ ಕಳಚುವ ಅಗತ್ಯವಿಲ್ಲ. ವ್ಯಾಗನ್ನು ಕೊಂಡಿಯ ಅಚ್ಚಿನ ಸುತ್ತ ತಲೆಕೆಳಗಾಗಿ, ಅದಿರನ್ನು ಸುರಿದು, ಮತ್ತೆ ನೆಟ್ಟಗಾಗುತ್ತದೆ. ಪಕ್ಕದ ವ್ಯಾಗನ್ನು ನಿಂತಲ್ಲಿಯೇ ನಿಂತಿರುತ್ತದೆ.

ಹಾಗಾದರೆ ಎಲ್ಲ ಕೊಂಡಿಗಳನ್ನೂ ಸಡಿಲಗೊಳಿಸಬಾರದೇಕೆ? ಸಡಿಲು ಹೆಚ್ಚಿದರೆ ಗಾಡಿ ಹೊರಡುವಾಗಲೂ ನಿಲ್ಲುವಾಗಲೂ ಹೊಡೆತ ಹೆಚ್ಚುತ್ತದೆ, ಉಕ್ಕು ಸವೆಯುತ್ತದೆ, ಕಡೆಗೆ ಮುಷ್ಟಿ ಕಳಚಿಕೊಳ್ಳಬಹುದು. ಆದುದರಿಂದಲೇ ಪರೀಕ್ಷಕರು ಮಳೆಯೆನ್ನದೆ ಇರುಳೆನ್ನದೆ ದೀಪ ಹಿಡಿದು ಗಾಡಿಯ ಉದ್ದಕ್ಕೂ ನಡೆದು, ಎಲ್ಲಿ ಬಿರುಕು, ಎಲ್ಲಿ ಸವೆತ ಎಂದು ನೋಡುತ್ತಾರೆ. ನಿದ್ರಿಸುತ್ತಿರುವ ಪ್ರಯಾಣಿಕರಿಗೆ ಅವರ ಪರಿಚಯವಿಲ್ಲ. ಆದರೂ ಅವರ ಎಚ್ಚರವೇ ಇವರ ನಿದ್ರೆಗೆ ಕಾವಲು.

ತುಮಕೂರಿನಿಂದ ಶಿರಾ, ಹಿರಿಯೂರು, ಚಿತ್ರದುರ್ಗಗಳ ಮೂಲಕ ದಾವಣಗೆರೆಗೆ ಹೊಸ ಹಳಿಯ ನಿರ್ಮಾಣ ನಡೆಯುತ್ತಿದೆ. ರೈಲು ಹಿರಿಯೂರಿಗೆ ಮೊದಲ ಬಾರಿಗೆ ಬಂದಾಗ ಅಲ್ಲಿನ ಮಕ್ಕಳು ಎಂಜಿನ್ನನ್ನು ಕಂಡು ಹಿಗ್ಗುವುದು ಸಹಜ. ಅವರು ಬೋಗಿಗಳ ನಡುವಣ ಎಡೆಯನ್ನೂ ಒಮ್ಮೆ ದೂರದಿಂದ ಗಮನಿಸಬೇಕು. ಎಳೆತಕ್ಕೆ ಬಿಡದೆ, ತಿರುಚಿಗೆ ಮುರಿಯದೆ ಇರುವ ಗುಣವನ್ನು ಮಿಣಿ ಕಟ್ಟಿದ ರೈತನೂ ಉಕ್ಕು ಎರಕ ಹೊಯ್ದ ಎಂಜಿನಿಯರನೂ ಒಂದೇ ಬಗೆಯಲ್ಲಿ ಅರಿತಿದ್ದಾರೆ. ಬಿಗಿಯಾಗಿರಬೇಕಾದ ಕಡೆ ಬಿಗಿಯಾಗಿದ್ದು, ಮಣಿಯಬೇಕಾದ ಕಡೆ ಮಣಿಯುವುದೇ ಒಳ್ಳೆಯ ಕೊಂಡಿಯ ಲಕ್ಷಣ.