ಮಲಗುವ ಕರಡಿ, ಎಚ್ಚರಿರುವ ಜೀವಕೋಶ

ಮಾಗಡಿ ತಾಲ್ಲೂಕಿನ ಕೆಂಪಾಪುರವು ಕೆಂಪೇಗೌಡರ ಸಮಾಧಿಯ ನೆಲೆಯೆಂದು 2015ರಲ್ಲಿ ನಾಡಿನ ಗಮನ ಸೆಳೆದ ಗ್ರಾಮ. ಈ ಸೀಮೆಯ ಬಂಡೆಬೆಟ್ಟಗಳಲ್ಲಿ ಕರಡಿಗಳುಂಟು. ಶೀತದೇಶದ ಕರಡಿ ತಿಂಗಳುಗಟ್ಟಲೆ ನಿದ್ರಿಸುವುದೆಂದು ಓದಿದ ಇಲ್ಲಿಯ ವಿದ್ಯಾರ್ಥಿಗೆ, ಈ ಕರಡಿಯೇಕೆ ಮಲಗದು ಎಂಬ ಸಂದೇಹ ಸಹಜ. ಇಲ್ಲಿ ಗೆದ್ದಲು, ಇರುವೆ, ಕಾಡುಹಣ್ಣುಗಳಲ್ಲಿ ಒಂದಿಲ್ಲೊಂದು ವರ್ಷವಿಡೀ ದೊರೆಯುತ್ತದೆ. ದೀರ್ಘನಿದ್ರೆಯ ಮೂಲ ಚಳಿಗಿಂತಲೂ ಆಹಾರದ ಅಭಾವದಲ್ಲಿದೆ. ಕಾಡುಪಾಪದ ದೂರದ ಬಂಧುವಾದ ಮಡಗಾಸ್ಕರಿನ ಒಂದು ಪುಟ್ಟ ಲೀಮರ್ ಬೆಚ್ಚನೆಯ ನಾಡಿನಲ್ಲಿಯೂ ಏಳು ತಿಂಗಳು ಮರದ ಪೊಟರೆಯಲ್ಲಿ, ಬಾಲದಲ್ಲಿ ಕೂಡಿಟ್ಟ ಕೊಬ್ಬಿನಿಂದಲೇ ಜೀವ ಹಿಡಿದಿರುವುದೆಂದು 2004ರಲ್ಲಿ ಪ್ರಕಟವಾಯಿತು.

ಇದು ಬರಿಯ ನಿದ್ರೆಯಲ್ಲ. ಕೋಶಕೋಶವೂ ಕೈಗೊಂಡ ಮಿತವ್ಯಯ. ಸಕ್ಕರೆಯ ಬದಲು ಕೊಬ್ಬು ಇಂಧನವಾಗುತ್ತದೆ. ಪ್ರೋಟೀನಿನ ತಯಾರಿಕೆ ಬಹುಮಟ್ಟಿಗೆ ನಿಲ್ಲುತ್ತದೆ. ಕೋಶದ ಒಲೆಗಳೆನ್ನಬಹುದಾದ ಮೈಟೋಕಾಂಡ್ರಿಯಗಳು ಉರಿಯನ್ನು ತಗ್ಗಿಸುತ್ತವೆ. ಧ್ರುವಪ್ರದೇಶದ ನೆಲ ಅಳಿಲಿನ ದೇಹದ ಉಷ್ಣತೆ ಸೊನ್ನೆಗಿಂತಲೂ ಸುಮಾರು 3 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯುವುದು 1989ರಲ್ಲಿ ವರದಿಯಾಯಿತು. ಆದರೂ ಅದರ ರಕ್ತ ಹೆಪ್ಪುಗಟ್ಟದು. ಅಳಿಲಿನ ಮಿದುಳಿನಲ್ಲಿ ನರಕೋಶಗಳ ಕವಲುಗಳು ಮುದುಡುತ್ತವೆ; ಎಚ್ಚರವಾದ ಕೆಲವೇ ಗಂಟೆಗಳಲ್ಲಿ ಮತ್ತೆ ಚಿಗುರುತ್ತವೆ. ಹೀಗೆ ಎರಡು ಮೂರು ವಾರಗಳಿಗೊಮ್ಮೆ ಅದು ಎಚ್ಚರಗೊಳ್ಳುತ್ತದೆ. ಆಗ ಕಂದುಕೊಬ್ಬಿನಲ್ಲಿರುವ ವಿಶೇಷ ಪ್ರೋಟೀನೊಂದು ಇಂಧನದ ಶಕ್ತಿಯನ್ನು ನೇರವಾಗಿ ಶಾಖವನ್ನಾಗಿಸಿ ದೇಹವನ್ನು ಬೆಚ್ಚಗಾಗಿಸುತ್ತದೆ. ಕರಡಿಯ ಮಾರ್ಗ ಬೇರೆ. ಅಲಾಸ್ಕದ ಕಪ್ಪು ಕರಡಿಯ ದೇಹ 30 ಡಿಗ್ರಿಗಿಂತ ಹೆಚ್ಚೇನೂ ತಣಿಯದಿದ್ದರೂ ಅದರ ಚಯಾಪಚಯ ನಾಲ್ಕನೆಯ ಒಂದು ಭಾಗಕ್ಕಿಳಿಯುವುದು 2011ರಲ್ಲಿ ತಿಳಿದುಬಂದಿತು.

ಮೂಳೆ ಮುರಿದು ಮಂಚ ಹಿಡಿದ ವೃದ್ಧರನ್ನು ಕಂಡವರು ಈ ಜ್ಞಾನದ ಬೆಲೆಯನ್ನು ಬಲ್ಲರು. ಕೆಲವೇ ವಾರಗಳಲ್ಲಿ ಅವರ ಸ್ನಾಯು ಕರಗುತ್ತದೆ, ಮೂಳೆ ಸೊರಗುತ್ತದೆ. ತಿಂಗಳುಗಟ್ಟಲೆ ಅನ್ನನೀರಿಲ್ಲದೆ ಮಲಗಿದ ಕರಡಿಯಾದರೋ ಸ್ನಾಯು ಮೂಳೆಗಳನ್ನು ಬಹುತೇಕ ಉಳಿಸಿಕೊಂಡೇ ಹೊರಬರುತ್ತದೆ. ವ್ಯರ್ಥವಾಗಬೇಕಾದ ಯೂರಿಯದ ಸಾರಜನಕವನ್ನೂ ದೇಹ ಮರುಬಳಕೆ ಮಾಡಿಕೊಳ್ಳುತ್ತದೆ. ದಾನವಾಗಿ ಬಂದ ಹೃದಯ ಸಾಮಾನ್ಯ ಶೈತ್ಯವಿಧಾನದಲ್ಲಿ ಉಳಿಯುವುದು ಸುಮಾರು ನಾಲ್ಕು ಗಂಟೆ ಮಾತ್ರ. ತಣ್ಣಗಾದರೂ ಸಾಯದಿರುವ ವಿದ್ಯೆ ಆ ಅಳಿಲಿನ ಕೋಶಗಳಿಗೆ ಕರಗತ. ಅದರ ಅಲ್ಪಾಂಶ ವೈದ್ಯಶಾಸ್ತ್ರಕ್ಕೆ ದಕ್ಕಿದರೂ, ದೂರದ ಊರಿನಲ್ಲಿ ದಾನಕ್ಕಾಗಿ ಕಾದಿರುವ ರೋಗಿಗೆ ಆ ಹೃದಯ ತಲಪುವಷ್ಟು ಕಾಲ ದೊರೆತೀತು.