ಸುಣ್ಣದ ಹದ

ಎಲೆಗೆ ಸುಣ್ಣ ಸವರುವುದಕ್ಕೂ ಒಂದು ಹದವುಂಟು. ಕಡಿಮೆಯಾದರೆ ರಂಗೇರದು; ಹೆಚ್ಚಾದರೆ ಬಾಯಿ ಬೇಯುವುದು. ದೇವದುರ್ಗದ ನಿವೃತ್ತ ಮಾಸ್ತರರು ನಾಲ್ವತ್ತು ವರ್ಷ ಈ ಹದ ತಪ್ಪಿದವರಲ್ಲ. ಎಲೆ, ಅಡಿಕೆ, ಸುಣ್ಣ, ತಂಬಾಕು ತುಂಬಿದ ಚಂಚಿಯಿಲ್ಲದೆ ಅವರು ಹೊಸ್ತಿಲು ದಾಟಿದ್ದೇ ಇಲ್ಲ. ಹೀಗಿರಲು ಕೆನ್ನೆಯ ಒಳಗೆ ಹುಣ್ಣೊಂದು ಎದ್ದಿತು. ತಿಂಗಳು ಕಳೆದರೂ ಮಾಯಲಿಲ್ಲ.

ಮಾನ್ವಿಯಿಂದ ಅಳಿಯ ಓಡಿಬಂದ. ಕೈಯಲ್ಲಿ ಮಾತ್ರೆಗಳ ಸೀಸೆ.

"ಮಾವಾ, ದೇಹದೊಳಗೆ ಕೆರಳಿದ ಆಮ್ಲಜನಕದ ಉರಿಯೇ ಇದಕ್ಕೆಲ್ಲ ಮೂಲವಂತೆ. ಈ ಮಾತ್ರೆ ಅದನ್ನು ಆರಿಸುತ್ತದೆ. ಆಸ್ಪತ್ರೆಯ ಮಾತು ಆಮೇಲಾಯಿತು."

ಅವನ ಮಾತು ಅರ್ಧ ಸತ್ಯ. ಸುಣ್ಣ ಬೆರೆತ ಅಡಿಕೆಯ ರಸದಲ್ಲಿ ಆಮ್ಲಜನಕವು ಕೆರಳಿ ಜೀವಕೋಶಗಳನ್ನು ಘಾಸಿಗೊಳಿಸುವುದು ನಿಜ. ಆದರೆ ಬಿಳಿ ರಕ್ತಕಣಗಳು ರೋಗಾಣುಗಳನ್ನು ಸುಡುವುದೂ ಅದೇ ಉರಿಯಿಂದ. ಕ್ಯಾನ್ಸರನ್ನು ಗುರುತಿಸಿ ಕೊಲ್ಲುವ ಟಿ ಕಣಗಳು ಎಚ್ಚರಗೊಳ್ಳಲು ಅದರ ಕಿಡಿ ಬೇಕು. ಕಿಡಿ ಜ್ವಾಲೆಯಾದರೆ ಮಾತ್ರ ಆ ಕಾವಲುಗಾರರೇ ಸೋತು ಕೈಚೆಲ್ಲುತ್ತಾರೆ. ಗೆಡ್ಡೆ ನಿರಾತಂಕವಾಗಿ ಬೆಳೆಯುತ್ತದೆ. ಇಲ್ಲಿಯೂ ಪ್ರಶ್ನೆ ಹದದ್ದೇ!

ಉರಿಯನ್ನು ಕಣ್ಣುಮುಚ್ಚಿ ಆರಿಸಹೊರಟರೆ ಏನಾದೀತೆಂಬುದಕ್ಕೆ ಫಿನ್ಲೆಂಡಿನ ನಿದರ್ಶನವಿದೆ. ಅಲ್ಲಿ 29,133 ಧೂಮಪಾನಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 1994ರಲ್ಲಿ ಹೊರಬಿತ್ತು. ಬೀಟಾ ಕ್ಯಾರೊಟಿನ್ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ತಗ್ಗುವ ಬದಲು ಶೇಕಡಾ 18ರಷ್ಟು ಹೆಚ್ಚಿತ್ತು.

ಮಾಸ್ತರರ ಮಡದಿ ಸೀಸೆಯನ್ನು ಗೂಡಿನಲ್ಲಿಟ್ಟು, ಗಂಡನನ್ನು ರಾಯಚೂರಿನ ಬಸ್ಸು ಹತ್ತಿಸಿದರು. ಆಸ್ಪತ್ರೆಯಲ್ಲಿ ಹುಣ್ಣಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು.

"ಕೆಟ್ಟದ್ದೇ ಆಗಿದ್ದರೆ?" ಎಂದರು ಮಾಸ್ತರರು.

"ಬೇಗ ಬಂದಿದ್ದೀರಿ, ಶಸ್ತ್ರಚಿಕಿತ್ಸೆ ಉಂಟು. ರೋಗ ಬಲಿತವರಿಗೂ ಈಗ ಕಾವಲು ಕಣಗಳ ಕಟ್ಟು ಬಿಚ್ಚುವ ಔಷಧವಿದೆ," ಎಂದರು ವೈದ್ಯೆ.

ಆ ಔಷಧವೇ ನಿವೊಲುಮ್ಯಾಬ್. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು ಬಲಿತ ತಲೆ-ಕತ್ತಿನ ಕ್ಯಾನ್ಸರಿಗೆ ಇತರ ಔಷಧಗಳೊಡನೆ ಅದನ್ನು ಕೇವಲ 20 ಮಿಲಿಗ್ರಾಮಿನಂತೆ, ವಾಡಿಕೆಯ ಹತ್ತರಲ್ಲೊಂದು ಪಾಲಿಗೂ ಕಡಿಮೆಯಾಗಿ, ಕೊಟ್ಟುನೋಡಿದರು. ವರ್ಷದ ಕೊನೆಗೆ ಬದುಕಿದ್ದವರು ನೂರಕ್ಕೆ 16 ಇದ್ದದ್ದು 43ಕ್ಕೆ ಏರಿತೆಂದು 2022ರಲ್ಲಿ ವರದಿಯಾಯಿತು. ಮದ್ದಿಗೂ ಹದವುಂಟು.

ಹತ್ತು ದಿನಗಳ ಮೇಲೆ ಉತ್ತರ ಬಂತು. ಕ್ಯಾನ್ಸರ್ ಇನ್ನೂ ಒಳಹೊಕ್ಕಿರಲಿಲ್ಲ, ಹೊಸ್ತಿಲಲ್ಲಿ ನಿಂತಿತ್ತು. ಹುಣ್ಣನ್ನು ಕತ್ತರಿಸಿ ತೆಗೆದರು. ಚಂಚಿ ಮನೆಯಿಂದ ಹೊರಬಿತ್ತು.

ಮಾನ್ವಿಯ ಮದುವೆಮನೆಯಲ್ಲಿ ತಾಂಬೂಲದ ತಟ್ಟೆ ಬಂದಾಗ ಮಾಸ್ತರರು ಕಣ್ಣಿಗೊತ್ತಿಕೊಂಡು ಮುಂದಕ್ಕೆ ಸರಿಸಿದರು. ಪಕ್ಕದಲ್ಲಿ ಎಲೆಗೆ ಸುಣ್ಣ ಸವರುತ್ತಿದ್ದ ಅಳಿಯ ಮಾವನ ಮುಖ ನೋಡಿದ; ಮೆಲ್ಲನೆ ಬೆರಳು ಒರೆಸಿಕೊಂಡ.